‘ಹೌದು ಸರ್’ ಎನ್ನುವ ಮಕ್ಕಳಿಗೆ ಏನು ನೆನಪಿರುತ್ತದೆ?

ಕುಮಟಾ ಕಡೆಯ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರೊಬ್ಬರ ಪ್ರಶ್ನೆ ಇದು: ‘ಸ್ಮಾರ್ಟ್ ಬೋರ್ಡ್ ಬಂತು. ಒಂದು ವಾರ ಮಕ್ಕಳು ಕಣ್ಣರಳಿಸಿ ಕೂತರು, ಆಮೇಲೆ ಮತ್ತೆ ಅದೇ ಆಕಳಿಕೆ. ಅರ್ಥವಾಯಿತಾ ಎಂದರೆ ಎಲ್ಲರದೂ “ಹೌದು ಸರ್”. ಮುಂದಿನ ವಾರ ಕೇಳಿದರೆ ಒಬ್ಬರ ಬಾಯಿಯೂ ಬಿಚ್ಚುವುದಿಲ್ಲ. ಏನು ಮಾಡಲಿ?’

ಆ ‘ಹೌದು ಸರ್’ ಸುಳ್ಳಲ್ಲ. ಮಕ್ಕಳಿಗೆ ನಿಜಕ್ಕೂ ಹಾಗೆ ಅನ್ನಿಸಿರುತ್ತದೆ. ಎಡವಟ್ಟಾಗುವುದೇ ಅಲ್ಲಿ.

ತಾಳಮದ್ದಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ಕುಮಟಾದ ನೆರೆಯ ಹೊನ್ನಾವರ ಸೀಮೆಯಲ್ಲೇ; ಯಕ್ಷಗಾನ ಅಲ್ಲಿ ಮನೆಮಾತು. ಅದರದೇ ಮಾತಿನ ರೂಪವಾದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದಲ್ಲಿರುವುದು ಪದ ಮಾತ್ರ, ಮಾತೆಲ್ಲ ಅರ್ಥಧಾರಿಯದೇ. ಭಾಗವತರು ಪದ ಮುಗಿಸಿದ ಕೂಡಲೇ ಆತ ತಾನು ಓದಿದ್ದನ್ನು ತಲೆಯೊಳಗಿಂದ ಎತ್ತಿ ತರಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವಯ್ಯಾ ಎಂದು ವಾಲಿ ಯಾವ ಕಡೆಯಿಂದ ಕೇಳುತ್ತಾನೋ ರಾಮನಿಗೆ ಮೊದಲೇ ಗೊತ್ತಿರುವುದಿಲ್ಲ. ಹಾಗೆ ತಡಕಾಡಿ ತೆಗೆದದ್ದು ಮತ್ತೆ ಕಳೆದುಹೋಗುವುದು ಕಡಿಮೆ. ಕೇಳುವವನ ಕಥೆ ಬೇರೆ. ಒಮ್ಮೆ ನಾನು ‘ವಾಲಿವಧೆ’ಯನ್ನು ಬೆಳಗಿನ ಜಾವದವರೆಗೆ ಕೇಳಿ ಮನೆಗೆ ಬಂದಾಗ, ವಾಲಿ ಏನೆಂದ ಎಂದು ಮನೆಯವರು ಕೇಳಿದರು. ‘ಭಾರೀ ಲಾಯ್ಕಾಗಿ ಹೇಳಿದ’ ಎಂದೆ. ಅದರಾಚೆಗೆ ಒಂದು ವಾಕ್ಯವೂ ನನಗೆ ಹೊರಡಲಿಲ್ಲ! ನಮ್ಮ ತರಗತಿಗಳಲ್ಲಿ ಅರ್ಥಧಾರಿ ಒಬ್ಬರೇ, ಮೇಷ್ಟ್ರು. ಉಳಿದ ನಲವತ್ತು ಮಂದಿ ಪ್ರೇಕ್ಷಕರು. ಹಾಗಾಗಿ ವರ್ಷವರ್ಷವೂ ಪಾಠ ಗಟ್ಟಿಯಾಗುವುದು ಮೇಷ್ಟ್ರಿಗೇ.

ನೆನಪಿನಿಂದ ಎತ್ತಿ ತಂದದ್ದೇ ಉಳಿಯುತ್ತದೆ ಎಂಬುದನ್ನು ಅಳೆದು ತೋರಿಸಿದವರು ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್, 2006ರಲ್ಲಿ. ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಸರದಿಯೂ ಅದನ್ನೇ ಓದಿತು. ಇನ್ನೊಂದು ಗುಂಪು ಮೊದಲ ಸರದಿಯಲ್ಲಿ ಓದಿ, ಉಳಿದ ಮೂರರಲ್ಲಿ ಹಾಳೆ ಬದಿಗಿಟ್ಟು ನೆನಪಾದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕದ ಪರೀಕ್ಷೆಯಲ್ಲಿ ಗೆದ್ದವರು ಓದುತ್ತಲೇ ಇದ್ದವರು. ವಾರ ಕಳೆದ ಮೇಲೆ ನೋಡಿದರೆ ಅವರಲ್ಲಿ ಉಳಿದದ್ದು ಸುಮಾರು ಶೇ. 40, ಬರೆದವರಲ್ಲಿ ಶೇ. 61. ತಮಾಷೆಯೆಂದರೆ, ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಓದಿದವರಿಗೇ.

ಸರಿ, ಪ್ರಶ್ನೆ ಕೇಳಿದರಾಯಿತಲ್ಲ ಎನ್ನಬಹುದು. ಕೇಳುತ್ತೇವೆ, ಆದರೆ ಕಾಯುವುದಿಲ್ಲ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗಡಿಯಾರ ಹಿಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು! ಅದು ಮೂರಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು. ಭಟ್ಕಳದಲ್ಲಿ ಮನೆಯಲ್ಲಿ ನವಾಯತಿ ಆಡುವ ಹುಡುಗಿ, ಹೊನ್ನಾವರದ ಕೊಂಕಣಿ ಮಾತಿನ ಹುಡುಗ, ಪುಸ್ತಕದ ಕನ್ನಡವೇ ಬೇರೆಯೆನಿಸುವ ಹಾಲಕ್ಕಿ ಮನೆಯ ಮಗು, ಇವರೆಲ್ಲ ಉತ್ತರ ಹುಡುಕಿ, ಅದನ್ನು ಶಾಲೆಯ ಮಾತಿಗೆ ತಿರುಗಿಸಿ ಹೇಳಬೇಕು. ಒಂದು ಸೆಕೆಂಡು ಅವರಿಗೆ ಯಾವ ಮೂಲೆಗೆ ಸಾಕು? ಇದು ರೋ ಹೇಳಿದ್ದಲ್ಲ, ನನ್ನ ಲೆಕ್ಕ.

ನಡುವೆ ಒಂದು ಮಾತು. ‘ಓದಿದ್ದು ಶೇ. 10, ಕೇಳಿದ್ದು ಶೇ. 20, ಮಾಡಿದ್ದು ಶೇ. 90 ನೆನಪಿರುತ್ತದೆ’ ಎಂಬ ಪಿರಮಿಡ್ ಚಿತ್ರವನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಹೆಸರಿನಲ್ಲಿ ತೋರಿಸುವವರಿದ್ದಾರೆ. ಡೇಲ್ 1946ರಲ್ಲಿ ಬರೆದ ಚಿತ್ರದಲ್ಲಿ ಒಂದು ಅಂಕಿಯೂ ಇರಲಿಲ್ಲ. ಅಷ್ಟು ದುಂಡಗಿನ ಸಂಖ್ಯೆ ಕಂಡಾಗಲೇ ಅನುಮಾನ ಬರಬೇಕಿತ್ತು.

ಹಾಗಾದರೆ ಮೇಷ್ಟ್ರೇ, ಬೋರ್ಡು ಇರಲಿ, ಅದರಿಂದ ಕೇಡೇನಿಲ್ಲ. ನಾಳೆ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ ಹೋದ ವಾರದ ಪಾಠದ ಮೇಲೆ ಒಂದು ಪ್ರಶ್ನೆ ಹಾಕಿ. ಅಘನಾಶಿನಿ ಅಳಿವೆಯ ನೀರಿಗೆ ಮಳೆಗಾಲದಲ್ಲಿ ಉಪ್ಪು ಯಾಕೆ ಕಡಿಮೆ ಎಂದಾದರೂ ಆದೀತು. ಹೆಸರು ಕೊನೆಗೆ ಕರೆಯಿರಿ. ಮೊದಲೇ ಕರೆದರೆ ಉಳಿದವರೆಲ್ಲ ನಿರಾಳ. ಮನಸ್ಸಿನಲ್ಲೇ ಮೂರು ಎಣಿಸಿ. ಅಂಕ ಕೊಡಬೇಡಿ.

ಮಕ್ಕಳು ಗೊಣಗುತ್ತಾರೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಯಲ್ಲೂ ಹೀಗೇ ಆಯಿತು. ತಾವೇ ಲೆಕ್ಕ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ಕಡಿಮೆ ಕಲಿತೆವು ಎಂದೇ ಅವರಿಗೆ ಅನ್ನಿಸಿತ್ತು. ‘ಸರ್, ನೀವೇ ಹೇಳಿಬಿಡಿ’ ಎಂಬ ಕೂಗು ನಿಮ್ಮಲ್ಲೂ ಎದ್ದೀತು. ಆಗಲೂ ಮೂರು ಎಣಿಸಿ.