ಮೈ ನೋಡಿ ನಗುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಯಾವ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳತದ: ‘ಹುಡುಗಿ ಉಂಡು ಮಲಗಿ ದಪ್ಪಾಗ್ಯಾಳ, ಗದ್ದಕ್ಕ ಕೂದಲಾ ಬಂದಾವ, ವರ ಎಲ್ಲಿ ಸಿಗತಾನ?’ ಅಂದವರು ಬಸ್ ಹತ್ತಿ ಹೋಗತಾರ. ಕೇಳಿದಾಕಿ ಮೂಲೆ ಹಿಡೀತಾಳ.

ಬಹಳ ಸಲ ಇದು ಆಲಸ್ಯ ಅಲ್ಲರೀ, ಹಾರ್ಮೋನಿನ ಏರುಪೇರು. ಪಿಸಿಓಎಸ್ ಎಂಬ ಈ ತೊಂದರೆ ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಉಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಥೈರಾಯ್ಡ್ ಮಂದವಾದರೂ ಮೈ ಭಾರ, ಮನಸ್ಸೂ ಭಾರ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪಿಸಿಓಎಸ್ ಇದ್ದವರೆಲ್ಲರಿಗೂ ಖಿನ್ನತೆಯ ತಪಾಸಣೆ ಆಗಬೇಕೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಗುಳಿಗೆ ಬರೆಯುವ ಡಾಕ್ಟರು ‘ನಿದ್ದಿ ಬರತದೇನವ್ವ?’ ಅಂತಲೂ ಕೇಳಲಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಪುಕ್ಕಟೆ ಮಾತಾಡತಾರ.

ಮಂದಿ ನಾಲಿಗೆಗೆ ಮಾತ್ರ ಗುಳಿಗೆ ಇಲ್ಲ. ಅದನ್ನ ನಾವೇ ಹಿಡೀಬೇಕು.