ಒಂದಗುಳಿನ ಲೆಕ್ಕ: ಎರಡು ಶೇಕಡಾವಾರುಗಳ ವ್ಯತ್ಯಾಸ ನಿಜವೇ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕು ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಸಂಖ್ಯಾಶಾಸ್ತ್ರದಲ್ಲಿ ‘ಮಾದರಿ’ ಎಂದು ಕರೆಯುವುದು ಈ ಅಗುಳನ್ನೇ. ಆದರೆ ಒಲೆಯ ಮೇಲೆ ಎರಡು ಪಾತ್ರೆಗಳಿವೆ ಎಂದುಕೊಳ್ಳಿ. ಎರಡರಿಂದಲೂ ಒಂದೊಂದು ಹಿಡಿ ಅನ್ನ ತೆಗೆದು ನೋಡಿದಾಗ ಒಂದರಲ್ಲಿ ಬೇಯದ ಅಗುಳು ಸ್ವಲ್ಪ ಹೆಚ್ಚು ಕಂಡಿತು. ಆ ಪಾತ್ರೆಯ ಅನ್ನವೇ ಕಡಿಮೆ ಬೆಂದಿದೆಯೋ, ಅಥವಾ ನಮ್ಮ ಕೈಗೆ ಅಂಥ ಅಗುಳುಗಳು ಆಕಸ್ಮಿಕವಾಗಿ ಸಿಕ್ಕವೋ? ಈ ಲೇಖನದ ಪ್ರಶ್ನೆ ಇಷ್ಟೇ.

ಭಾಷೆ ಕಲಿಸುವವರಿಗೆ ಈ ಲೆಕ್ಕ ಯಾಕೆ ಎಂದು ನೀವು ಕೇಳಬಹುದು. ‘ಹೆಚ್ಚಾಗಿದೆ’, ‘ಕಡಿಮೆಯಾಗಿದೆ’ ಎಂಬ ಕ್ರಿಯಾಪದಗಳನ್ನು ಪತ್ರಿಕೆಗಳು ದಿನವೂ ಬಳಸುತ್ತವೆ. ಆ ಪದಗಳಿಗೆ ಆಧಾರವಿದೆಯೇ ಎಂದು ನೋಡುವುದೂ ಓದುವ ಕಲೆಯ ಒಂದು ಭಾಗವೇ ಅಲ್ಲವೇ?

ನಮ್ಮೆಲ್ಲರ ಮನೆಗೆ ಸಂಬಂಧಿಸಿದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಲೇಷ್ಯಾದ ಆರೋಗ್ಯ ಸಚಿವಾಲಯವು ರಾಷ್ಟ್ರೀಯ ಆರೋಗ್ಯ ಮತ್ತು ರೋಗ ಸಮೀಕ್ಷೆಯನ್ನು ನಡೆಸುತ್ತದೆ. 2019ರ ಸಮೀಕ್ಷೆಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ಶೇ. 18.3ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಗೊತ್ತೇ ಇರಲಿಲ್ಲ! ಭಾರತೀಯ ಮೂಲದವರಲ್ಲಿ ಈ ಪ್ರಮಾಣ ಶೇ. 31.4, ಮಲಯರಲ್ಲಿ ಶೇ. 22.0. ಮುಂದೆ 2023ರ ಸಮೀಕ್ಷೆಯಲ್ಲಿ ದೇಶದ ಒಟ್ಟು ಪ್ರಮಾಣ ಶೇ. 15.6 ಎಂದು ಬಂತು. ದೇಶದ ಪ್ರತಿಯೊಬ್ಬರ ರಕ್ತವನ್ನೂ ಪರೀಕ್ಷಿಸಿ ಪಡೆದ ಅಂಕಿಗಳಲ್ಲ ಇವು. ಕೆಲವು ಸಾವಿರ ಜನರ ಮಾದರಿಯಿಂದ ಬಂದವು. ಹಾಗಾದರೆ ಈ ವ್ಯತ್ಯಾಸಗಳನ್ನು ನಂಬಬಹುದೇ?

ಆಕಸ್ಮಿಕದ ಆಟ

ಇಬ್ಬರು ವಿದ್ಯಾರ್ಥಿಗಳು ತಲಾ 100 ಸಲ ನಾಣ್ಯ ಚಿಮ್ಮಿದರು. ಒಬ್ಬನಿಗೆ 54 ಸಲ ತಲೆ ಬಿತ್ತು, ಇನ್ನೊಬ್ಬನಿಗೆ 47 ಸಲ. ನಾಣ್ಯಗಳೇ ಬೇರೆ ಎಂದು ನಾವು ಹೇಳುತ್ತೇವೆಯೇ? ಇಲ್ಲ. ಇಷ್ಟು ಏರಿಳಿತ ಸಹಜ. ಜನರ ಮಾದರಿಯಲ್ಲೂ ಹೀಗೆಯೇ. ಆದ್ದರಿಂದ ‘ವ್ಯತ್ಯಾಸ ಇದೆಯೇ?’ ಎಂದು ಕೇಳಿ ನಿಲ್ಲಿಸಿದರೆ ಸಾಲದು. ‘ಆಕಸ್ಮಿಕವಾಗಿ ಬರಬಹುದಾದದ್ದಕ್ಕಿಂತ ದೊಡ್ಡ ವ್ಯತ್ಯಾಸ ಇದೆಯೇ?’ ಎಂದು ಕೇಳಬೇಕು.

ಲೆಕ್ಕ ಹೇಗೆ?

ಸುಲಭವಾಗಲೆಂದು ಶೇ. 31 ಮತ್ತು ಶೇ. 22 ಎಂಬ ಎರಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಎರಡು ಗುಂಪುಗಳಿಂದ ತಲಾ 100 ಜನರನ್ನು ಮಾತ್ರ ಆರಿಸಿದ್ದೇವೆ ಎಂದು ಭಾವಿಸಿ.

1. ಮೊದಲು ಎರಡೂ ಗುಂಪುಗಳಲ್ಲಿ ಏನೂ ವ್ಯತ್ಯಾಸವಿಲ್ಲ ಎಂದೇ ಊಹಿಸಿಕೊಳ್ಳಬೇಕು. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗುವವರೆಗೆ ಆರೋಪಿಯನ್ನು ನಿರಪರಾಧಿ ಎಂದು ಭಾವಿಸುವಂತೆ.

2. ವ್ಯತ್ಯಾಸವಿಲ್ಲ ಎಂದಮೇಲೆ ಎರಡನ್ನೂ ಸೇರಿಸಿ ಒಂದೇ ಶೇಕಡಾವಾರು ತೆಗೆಯಬಹುದು. 200 ಜನರಲ್ಲಿ 53 ಮಂದಿ, ಅಂದರೆ ಶೇ. 26.5. ಉಳಿದವರು ಶೇ. 73.5.

3. ಈ ಎರಡನ್ನೂ ಗುಣಿಸಿದರೆ ಸುಮಾರು 1948. ಅದನ್ನು ಮಾದರಿಯ ಗಾತ್ರವಾದ 100ರಿಂದ ಭಾಗಿಸಿದರೆ 19.48. ಎರಡು ಗುಂಪುಗಳಿರುವುದರಿಂದ ಎರಡು ಸಲ ಕೂಡಿಸಿದರೆ 38.96. ಇದರ ವರ್ಗಮೂಲ ಸುಮಾರು 6.2. ಇದೇ ಪ್ರಮಾಣಿತ ದೋಷ. ಇಲ್ಲಿ ‘ದೋಷ’ ಎಂದರೆ ತಪ್ಪು ಎಂದಲ್ಲ, ಆಕಸ್ಮಿಕದ ಏರಿಳಿತ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂಬ ಅಳತೆ.

4. ಕಂಡ ವ್ಯತ್ಯಾಸವಾದ 9ನ್ನು 6.2ರಿಂದ ಭಾಗಿಸಿದರೆ 1.4 ಬರುತ್ತದೆ.

5. ಈ ಉತ್ತರ ಸುಮಾರು 2ನ್ನು (ಖಚಿತವಾಗಿ 1.96ನ್ನು) ದಾಟಿದರೆ ಮಾತ್ರ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡುವುದು ವಾಡಿಕೆ. ಏಕೆಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ, ಅದು 100ಕ್ಕೆ ಸುಮಾರು 5 ಸಲ ಮಾತ್ರ ಈ ಗಡಿ ದಾಟುತ್ತದೆ.

ಇಲ್ಲಿ 1.4 ಗಡಿ ದಾಟಲಿಲ್ಲ. ಅಂದರೆ 9 ಅಂಕದ ವ್ಯತ್ಯಾಸ ಕಣ್ಣಿಗೆ ದೊಡ್ಡದಾಗಿ ಕಂಡರೂ ತಲಾ 100 ಜನರ ಮಾದರಿಯಿಂದ ಅದು ಸಾಬೀತಾಗುವುದಿಲ್ಲ. ಈಗ ತಲಾ 1000 ಜನರನ್ನು ತೆಗೆದುಕೊಳ್ಳಿ. ಶೇಕಡಾವಾರು ಅವೇ ಇದ್ದರೂ ಪ್ರಮಾಣಿತ ದೋಷ 2ಕ್ಕೆ ಇಳಿಯುತ್ತದೆ, ಭಾಗಲಬ್ಧ 4.6ಕ್ಕೆ ಏರುತ್ತದೆ. ಆಗ ಸಂದೇಹಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ನೆನಪಿಡಿ: ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು.

2019 ಮತ್ತು 2023ರ ಅಂಕಿಗಳಿಗೂ ಇದೇ ಲೆಕ್ಕ. ಅನುಕೂಲಕ್ಕಾಗಿ ಪ್ರತಿ ವರ್ಷ 10,000 ಜನರ ಮಾದರಿ ಎಂದುಕೊಂಡರೆ ಪ್ರಮಾಣಿತ ದೋಷ ಸುಮಾರು 0.53. ವ್ಯತ್ಯಾಸ 2.7. ಭಾಗಿಸಿದರೆ 5. ಆದರೆ ಇಂಥ ಸಮೀಕ್ಷೆಗಳಲ್ಲಿ ಒಬ್ಬೊಬ್ಬರನ್ನು ಬಿಡಿಬಿಡಿಯಾಗಿ ಆರಿಸುವುದಿಲ್ಲ. ಮೊದಲು ಪ್ರದೇಶಗಳು, ಆಮೇಲೆ ಅಲ್ಲಿನ ಮನೆಗಳು ಎಂದು ಹಂತಹಂತವಾಗಿ ಆರಿಸುತ್ತಾರೆ. ಒಂದೇ ಬೀದಿಯವರ ಊಟ, ಅಭ್ಯಾಸಗಳು ಒಂದೇ ತರಹ ಇರುವುದರಿಂದ ದೋಷ ಸ್ವಲ್ಪ ಹೆಚ್ಚುತ್ತದೆ. ಅದನ್ನು ಇಮ್ಮಡಿಯೆಂದೇ ಹಿಡಿದರೂ ಉತ್ತರ 2.5. ಗಡಿ ದಾಟಿತು. ಆದ್ದರಿಂದ ಈ ಇಳಿಕೆಯನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ.

ಪಾತ್ರೆಯನ್ನು ಕಲಕಿದಿರಾ?

ಒಂದಗುಳು ಸಾಕೆನ್ನುವ ಮಾತು ನಿಜವಾಗಬೇಕಾದರೆ ಪಾತ್ರೆಯ ಅನ್ನ ಎಲ್ಲ ಕಡೆ ಒಂದೇ ಸಮ ಬೆಂದಿರಬೇಕು. ಜನರು ಹಾಗಿಲ್ಲ. ಅದಕ್ಕಾಗಿಯೇ ಚೀಟಿ ಎತ್ತಿದ ಹಾಗೆ, ಯಾರಿಗೂ ಪಕ್ಷಪಾತವಿಲ್ಲದೆ ಆರಿಸಬೇಕು. ಇದು ಯಾದೃಚ್ಛಿಕ ಮಾದರಿ. ತೇ ತಾರಿಕ್ ಅಂಗಡಿಯ ಮುಂದೆ ನಿಂತವರನ್ನು ಮಾತ್ರ ಕೇಳಿ ‘ಮಲೇಷ್ಯಾದಲ್ಲಿ ಎಷ್ಟು ಜನ ಸಿಹಿ ಚಹಾ ಕುಡಿಯುತ್ತಾರೆ’ ಎಂದು ಹೇಳಲಾಗದು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್! ಪತ್ರಿಕೆಯವರು ವಿಳಾಸಗಳನ್ನು ಹೆಚ್ಚಾಗಿ ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ ಆರಿಸಿದ್ದರು. ಉತ್ತರ ಕಳಿಸುವ ಉತ್ಸಾಹವೂ ಎಲ್ಲರಲ್ಲಿ ಒಂದೇ ಆಗಿರಲಿಲ್ಲ. ಆರಿಸುವ ಕ್ರಮ ಕೆಟ್ಟರೆ ಸಂಖ್ಯೆ ಎಷ್ಟಿದ್ದರೂ ಪ್ರಯೋಜನವಿಲ್ಲ.

ಪದಗಳ ಎಚ್ಚರ

ವಿದ್ಯಾರ್ಥಿ ಮಿತ್ರರೇ, ಈ ಪರೀಕ್ಷೆಯ ಉತ್ತರವನ್ನು ಬರೆಯುವಾಗ ಮೂರು ಎಚ್ಚರಗಳು ಬೇಕು. ಒಂದು, ‘ವ್ಯತ್ಯಾಸ ಸಾಬೀತಾಗಿಲ್ಲ’ ಎಂಬುದೂ ‘ವ್ಯತ್ಯಾಸವಿಲ್ಲ’ ಎಂಬುದೂ ಬೇರೆ ಬೇರೆ ವಾಕ್ಯಗಳು. ಮಾದರಿ ಚಿಕ್ಕದಾದ್ದರಿಂದ ನಿಜವಾದ ವ್ಯತ್ಯಾಸವೂ ಕಾಣದೆ ಹೋಗಿರಬಹುದು. ಎರಡು, 20 ಹೋಲಿಕೆಗಳನ್ನು ಮಾಡಿದರೆ ಒಂದು ಸುಮ್ಮನೆ ಗಡಿ ದಾಟಬಹುದು. ಅದನ್ನೊಂದನ್ನೇ ಎತ್ತಿ ತೋರಿಸುವುದು ಪ್ರಾಮಾಣಿಕತೆಯಲ್ಲ. ಮೂರು, ವ್ಯತ್ಯಾಸ ಇದೆ ಎಂದು ಪರೀಕ್ಷೆ ಹೇಳುತ್ತದೆಯೇ ಹೊರತು ಅದು ಯಾಕೆ ಬಂತು ಎಂದು ಹೇಳುವುದಿಲ್ಲ. 2019 ಮತ್ತು 2023ರ ನಡುವೆ ಕೋವಿಡ್ ಬಂದುಹೋಯಿತು. ಇಳಿಕೆಯ ಕಾರಣವನ್ನು ಬೇರೆ ಅಧ್ಯಯನಗಳಲ್ಲೇ ಹುಡುಕಬೇಕು.

ಕನ್ನಡಿಗರಿಗೆ ಇಲ್ಲಿ ಹೆಮ್ಮೆಯ ವಿಷಯವೊಂದಿದೆ. ಮೊದಲು ವ್ಯತ್ಯಾಸವಿಲ್ಲ ಎಂದು ಊಹಿಸಿ, ಆ ಊಹೆಯ ಮೇಲೆಯೇ ದೋಷವನ್ನು ಲೆಕ್ಕ ಹಾಕುವ ಕ್ರಮಕ್ಕೆ 1948ರಲ್ಲಿ ವ್ಯಾಪಕ ಸಿದ್ಧಾಂತದ ರೂಪ ಕೊಟ್ಟವರು ಸಿ. ಆರ್. ರಾವ್. ತೆಲುಗು ಮನೆತನದ ಅವರು ಹುಟ್ಟಿದ್ದು 1920ರಲ್ಲಿ, ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಮುಂದಿನ ಸಲ ‘ಇಷ್ಟು ಶೇಕಡಾ ಹೆಚ್ಚಾಗಿದೆ’ ಎಂಬ ಸುದ್ದಿ ಕಂಡಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಜನರನ್ನು ನೋಡಿದರು? ಹೇಗೆ ಆರಿಸಿದರು? ವ್ಯತ್ಯಾಸ ದೋಷದ ಎರಡು ಪಟ್ಟನ್ನು ದಾಟಿದೆಯೇ? ಇನ್ನು ಮನೆಯ ಹಿರಿಯರ ರಕ್ತದ ಸಕ್ಕರೆಯ ವಿಷಯ: ದೇಶದ ಶೇಕಡಾವಾರು ಏರಲಿ ಇಳಿಯಲಿ, ಅವರಿಗೆ ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಯಾವ ಮಾದರಿಯೂ ಹೇಳಲಾರದು. ಅದಕ್ಕೆ ಅವರದೇ ರಕ್ತಪರೀಕ್ಷೆ ಆಗಬೇಕು.