ಬಾವಿಯ ನೀರಿನ ದೋಷವು ಎಲ್ಲಿಂದ ಬಂತು?

ಬಾವಿಯ ನೀರು ಕೆಟ್ಟಿತೆಂದರೆ ಒಕ್ಕಲಿಗನು ಎರಡು ಸಂಗತಿಗಳನ್ನು ತಿಳಿಯಬೇಕಾಗುವದು: ದೋಷವು ಯಾವ ತರದ್ದು, ಎಲ್ಲಿಂದ ಬಂತು. ಮೊದಲನೆಯದನ್ನು ನೀರಿನ ಪರೀಕ್ಷೆಯು ತಿಳಿಸುವದು. ಎರಡನೆಯದಕ್ಕೆ ಕೆಲವು ಪ್ರಸಂಗಗಳಲ್ಲಿ ಮಣ್ಣಿನೊಳಗಿನ ಗಾಳಿಯೇ ಸಾಕ್ಷಿಯಾಗಬಲ್ಲದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ರೈತಬಾಂಧವರು ಈ ಪರೀಕ್ಷೆಯ ಬಲವನ್ನೂ ಮಿತಿಯನ್ನೂ ಅರಿತಿರುವದು ಹಿತಕರವು.

ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯು ತುಂಬಿರುತ್ತದೆ. ನೆಲದೊಳಗಿನ ಪೆಟ್ರೋಲಿನ ಟಾಕಿಯು ಸೋರಿದರೆ ಆ ಎಣ್ಣೆಯು ಕೆಳಗಿಳಿದು, ನೀರಿಗಿಂತ ಹಗುರಾದ ಕಾರಣ, ಅಂತರ್ಜಲದ ಮೇಲೆ ತೇಲುವದು. ಅಲ್ಲಿಂದ ಅದರ ಆವಿಯು ಸಂದುಗಳ ಗುಂಟ ಮೇಲೇರುವದು. ಪರೀಕ್ಷಕರು ಚೂಪಾದ ಉಕ್ಕಿನ ಕೊಳವೆಯನ್ನು ಸುಮಾರು ಒಂದೂವರೆ ಮೀಟರು ಆಳಕ್ಕೆ ಹೊಡೆದು, ಅದರ ಸುತ್ತ ಗಾಳಿಯಾಡದಂತೆ ಬಿಗಿಮಾಡಿ, ಪಂಪಿನಿಂದ ಮಣ್ಣಿನ ಗಾಳಿಯನ್ನು ಮೆಲ್ಲಗೆ ಎಳೆದುಕೊಳ್ಳುವರು. ಹಲವು ಸ್ಥಳಗಳಲ್ಲಿ ಹೀಗೆ ಅಳೆದು ನಕಾಶೆಯ ಮೇಲೆ ಗುರುತಿಸಿದರೆ, ಆವಿಯು ಎತ್ತ ಹೆಚ್ಚುವದೋ ಅತ್ತಲೇ ಮೂಲವಿರುವ ಸಂಭವವುಂಟು. ಆಮ್ಲಜನಕವು ಕುಂದಿ ಇಂಗಾಲಾಮ್ಲ ವಾಯುವು ಹೆಚ್ಚಿರುವದೂ ಒಂದು ಕುರುಹು; ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿನ್ನುವಾಗ ಹೀಗಾಗುವದು. ಆದರೆ ತಿಪ್ಪೆಯ ಬಳಿಯಲ್ಲಿಯೂ ಇದೇ ಕುರುಹು ಕಾಣುವದರಿಂದ ಇದೊಂದನ್ನೇ ನಂಬತಕ್ಕದ್ದಲ್ಲ.

ನಮ್ಮ ಎರೆಭೂಮಿಯೇ ಈ ಪರೀಕ್ಷೆಗೆ ದೊಡ್ಡ ತೊಡಕು. ಮಳೆಗಾಲದಲ್ಲಿ ಎರೆಮಣ್ಣು ಉಬ್ಬಿ ಸಂದುಗಳು ಮುಚ್ಚಿಹೋಗುವವು. ಕೆಳಗೆ ಎಣ್ಣೆಯಿದ್ದರೂ ಕೊಳವೆಗೆ ಏನೂ ಸಿಕ್ಕದು. ಬೇಸಿಗೆಯಲ್ಲಿ ನೆಲವು ಬಿರಿದು ಹೊರಗಿನ ಗಾಳಿಯು ಒಳಗಿಳಿಯುವದು, ಆಗಲೂ ಅಳತೆಯು ತಪ್ಪುವದು. ಆದುದರಿಂದ ಬೈಲಹೊಂಗಲ, ಸವದತ್ತಿಗಳ ಎರೆಯಲ್ಲಿ ಮಳೆ ನಿಂತು ನೆಲವು ಆರಿ, ಇನ್ನೂ ದೊಡ್ಡ ಬಿರುಕು ಬಿಡದಿರುವ ಕಾಲವೇ ಲೇಸು. ಕಿತ್ತೂರ ಕಡೆಯ ಕೆಂಪು ಮಣ್ಣಿನಲ್ಲಿ ಕೆಲಸವು ಸುಲಭ. ರಾಮದುರ್ಗದ ಮರಳುಗಲ್ಲಿನ ನೆಲದಲ್ಲಿಯಾದರೋ ನೀರು ಬಂಡೆಯ ಸೀಳುಗಳಲ್ಲಿ ಹರಿಯುವದರಿಂದ ಸಮೀಪದ ಟಾಕಿಯೇ ಮೂಲವೆಂದು ಅವಸರದಿಂದ ನಿರ್ಣಯಿಸಲಾಗದು.

ನೈಟ್ರೇಟ್, ಫ್ಲೋರೈಡ್, ರೋಗಾಣು ಇವು ಆವಿಯಾಗುವ ಪದಾರ್ಥಗಳಲ್ಲ. ಇವುಗಳ ಮೂಲವನ್ನು ಹುಡುಕಲು ಈ ಕ್ರಮವು ನಿರುಪಯೋಗಿ. 2022ರ ಅಕ್ಟೋಬರದಲ್ಲಿ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಗೆ ತುತ್ತಾದರು, ಪ್ರಾಣಹಾನಿಯೂ ಆಯಿತು. ಇಂಥ ಪ್ರಸಂಗದಲ್ಲಿ ಚರಂಡಿ, ಒಡೆದ ನಳ, ಕೊಳವೆಬಾವಿಯ ಬಾಯಿ ಇವನ್ನೇ ಮೊದಲು ನೋಡತಕ್ಕದ್ದು. ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮು ಮೀರಿದ ನೀರು ಕುಡಿಯಲು ತಕ್ಕುದಲ್ಲ. ಕಾಯಿಸಿದರೆ ಅದು ಇನ್ನಷ್ಟು ಗಾಢವಾಗುವದೇ ಹೊರತು ಹೋಗುವದಿಲ್ಲ. ತಿಪ್ಪೆಯನ್ನು ಬಾವಿಯಿಂದ ದೂರವಿಡುವದೇ ಇದಕ್ಕೆ ಮೊದಲ ಉಪಾಯ.

ನೀರಿಗೆ ಪೆಟ್ರೋಲಿನ ಅಥವಾ ಚಿಮಣಿ ಎಣ್ಣೆಯ ವಾಸನೆ ಬಂದರೆ ಕುಡಿಯುವದನ್ನೂ ದನಗಳಿಗೆ ಕುಡಿಸುವದನ್ನೂ ಕೂಡಲೆ ನಿಲ್ಲಿಸಬೇಕು. ಬಾವಿಯ ಹತ್ತಿರ ದೀಪ, ಬೀಡಿ ಒಯ್ಯಕೂಡದು. ಪರೀಕ್ಷೆಗೆ ಕಳಿಸುವ ನೀರನ್ನು ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಬಾಯಿಮಟ ತುಂಬಿ, ಗುಳ್ಳೆಯಿಲ್ಲದಂತೆ ಮುಚ್ಚಿ, ತಂಪಿನಲ್ಲಿಟ್ಟು ತಡಮಾಡದೆ ಮುಟ್ಟಿಸಬೇಕು. ಅರೆತುಂಬಿದ ಬಾಟಲಿಯಲ್ಲಿ ಆವಿಯು ತಪ್ಪಿಸಿಕೊಂಡು, ಕೆಟ್ಟ ನೀರೂ ಒಳ್ಳೆಯದೆಂದು ವರದಿಯಾಗುವದುಂಟು.